ಹಲ್ಲು ನೋಡಿ ತಂದ ಕ್ಯಾಮೆರಾ

ನಮ್ಮ ದೊಡ್ಡಬಳ್ಳಾಪುರದಲ್ಲಿ ದುಡ್ಡು ಹುಟ್ಟುವುದು ಕಷ್ಟ, ಸಲಹೆ ಹುಟ್ಟುವುದು ಸುಲಭ. ಮಿಕ್ಸಿ ಕೊಳ್ಳಬೇಕೆಂದು ಒಬ್ಬರು ಬಾಯಿ ಬಿಟ್ಟರೆ ಸಾಕು, ಅದರ ಮೋಟಾರು ಎಷ್ಟು ವ್ಯಾಟಿನದು ಎನ್ನುವುದರಿಂದ ಹಿಡಿದು ಅಂಗಡಿಯವನು ಯಾರ ಷಡ್ಡಕ ಎನ್ನುವವರೆಗೆ ಸಂಜೆಯೊಳಗೆ ಮನೆಬಾಗಿಲಿಗೆ ಬಂದು ಬೀಳುತ್ತದೆ. ಆದರೂ ಮಿಕ್ಸಿ ಕೊಳ್ಳುವವರು ಪುಣ್ಯವಂತರು. ಮಿಕ್ಸಿ ಯಾಕೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಕ್ಯಾಮೆರಾ ಎಂದು ನೋಡಿ. ಮೊದಲ ಪ್ರಶ್ನೆಯೇ, "ಯಾಕೆ, ಫೋನಿಲ್ವಾ?"

ನನ್ನ ತಮ್ಮನ ಮಗಳು ಡಿಗ್ರಿ ಓದುತ್ತಾಳೆ. ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಪಾಠ ಹೇಳಿ 25,000 ರೂಪಾಯಿ ಕೂಡಿಟ್ಟಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ, ಎಲ್ಲರ ಬಾಯಲ್ಲೂ ಮುದ್ದೆ ಇರುವ ಸಮಯ ನೋಡಿ, "ನಾನು ಫೋಟೋಗ್ರಫಿ ಕಲೀತೀನಿ, ಒಂದು ಕ್ಯಾಮೆರಾ ತಗೋತೀನಿ" ಎಂದಳು. ಮುದ್ದೆ ಗಂಟಲಲ್ಲಿ ಇಳಿಯುವವರೆಗೆ ಮಾತ್ರ ಮನೆ ಶಾಂತವಾಗಿತ್ತು.

ನನ್ನ ತಮ್ಮ, ಹಿತ್ತಲ ಶೆಡ್ಡಿನಲ್ಲಿ ಮಗ್ಗ ನಡೆಸುವವನು. ಜಗತ್ತಿನ ಯಾವ ಮೊತ್ತವನ್ನಾದರೂ ಅವನು ನೂಲಿನಲ್ಲಿ ಅಳೆಯುತ್ತಾನೆ. "ಆ ದುಡ್ಡಿಗೆ ರೇಷ್ಮೆ ತಂದ್ರೆ ಮಗ್ಗ ಒಂದಷ್ಟು ದಿನ ಆಡ್ತವೆ. ಕ್ಯಾಮೆರಾ ಏನು ಆಡ್ತದೆ?" ಎಂದ. ಪೇಟೆಬೀದಿಯ ಸ್ಟುಡಿಯೋದವರನ್ನು ಕೇಳಿದೆವು. ಅವರು ನಾಲ್ಕು ಮದುವೆ ಸೀಸನ್ನಿನ ಅನುಭವವನ್ನೆಲ್ಲ ಮುಖಕ್ಕೆ ತಂದುಕೊಂಡು, "ತಗೊಂಡ್ರೆ ಫುಲ್ ಫ್ರೇಮ್ ತಗೊಳ್ಳಿ ಸಾರ್. ಮದ್ವೆ ಇಲ್ದಿದ್ದಾಗ ಬಾಡಿಗೆಗಾದ್ರೂ ಬಿಡ್ಬೋದು" ಎಂದರು. ಫುಲ್ ಫ್ರೇಮ್ ಎಂದರೆ ಒಳಗಿನ ಸೆನ್ಸರ್ ಹಳೆಯ ಫಿಲಮ್ಮಿನಷ್ಟೇ ಅಗಲ, 36 ಮಿಲಿಮೀಟರ್‌ಗೆ 24 ಮಿಲಿಮೀಟರ್. ಬೆಲೆ ಕೇಳಿದಾಗ ನಮ್ಮ ಕಣ್ಣೂ ಅಷ್ಟೇ ಅಗಲವಾದವು. ಬೆಂಗಳೂರಿನ ಕಂಪನಿಯಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ, "ಮಿರರ್‌ಲೆಸ್ ಬಿಟ್ಟು ಬೇರೆ ಮುಟ್ಬೇಡ. ಡಿಎಸ್‌ಎಲ್‌ಆರ್ ಸತ್ತೋಯ್ತು" ಎಂದು ಸೂತಕದ ಸುದ್ದಿ ಮುಟ್ಟಿಸಿದ. ಡಿಎಸ್‌ಎಲ್‌ಆರ್ ಎಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ, ಮಿರರ್‌ಲೆಸ್ ಎಂದರೆ ಕನ್ನಡಿ ಇಲ್ಲದ ಹೊಸ ಬಗೆ.

ಎಲ್ಲ ಮುಗಿದ ಮೇಲೆ ನಮ್ಮಮ್ಮ, ಅಂದರೆ ಹುಡುಗಿಯ ಅಜ್ಜಿ, ಕೇಳಿದಳು: "ಅದಕ್ಕೆ ರೀಲು ಎಷ್ಟು ಬೀಳ್ತದೆ ಮಗ?"

"ಇದಕ್ಕೆ ರೀಲೇ ಬೇಡ ಅಜ್ಜಿ. ಎಷ್ಟು ಬೇಕಾದ್ರೂ ತೆಗೀಬೋದು."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರೆ ಯಾವಾಗ ನಿಲ್ಸೋದು?"

ಈ ಪ್ರಶ್ನೆಗೆ ನಿಕಾನ್ ಕಂಪನಿಯವರ ಹತ್ತಿರವೂ ಉತ್ತರ ಇರಲಾರದು.

ಅಮ್ಮನ ಲೆಕ್ಕ ರೀಲಿನ ಕಾಲದ್ದು. ನಾವು ಹುಡುಗರಾಗಿದ್ದಾಗ ಕ್ಯಾಮೆರಾ ಆರಿಸುವ ತಾಪತ್ರಯ ಇರಲಿಲ್ಲ. ಆಯ್ಕೆ ಇದ್ದರೆ ತಾನೇ ಗೊಂದಲ? ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ಥ್ರೀ ಎಂಬ ಕಪ್ಪು ಡಬ್ಬಿ ಇತ್ತು. ಅದು ಕೆಲವರ ಮನೆಯಲ್ಲಿರುತ್ತಿತ್ತು, ಉಳಿದವರು ಆ ಕೆಲವರ ಸ್ನೇಹ ಮಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಇತ್ತು. ಅವರ ಮನೆಗೆ ನಾವು ಹೊತ್ತುಹಾಕಿದ ನೀರಿನ ಕೊಡಗಳಿಗೆ ಕೂಲಿ ಕೇಳಿದ್ದರೆ ಒಂದು ಕ್ಯಾಮೆರಾವನ್ನೇ ಕೊಳ್ಳಬಹುದಿತ್ತು. 120 ಅಳತೆಯ ರೀಲು, 12 ಚೌಕದ ಚಿತ್ರ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಮಿಕ್ಕ ಹವಾಮಾನದ ಉಸಾಬರಿಗೆ ಅದು ಹೋಗುತ್ತಿರಲಿಲ್ಲ. ರೀಲು ಊಟಿಯದು, ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನ 'ಇಂದು'. ಯುಗಾದಿಗೆ ಹಾಕಿಸಿದ ರೀಲು ದೀಪಾವಳಿ ಕಳೆದರೂ ಮುಗಿಯುತ್ತಿರಲಿಲ್ಲ. ಕೊನೆಗೆ ಅದನ್ನು ತೊಳೆಸಿದಾಗ, ಮೊದಲ ಚಿತ್ರದಲ್ಲಿ ತೊಟ್ಟಿಲಲ್ಲಿದ್ದ ಕೂಸು ಹನ್ನೆರಡನೆಯದರಲ್ಲಿ ಗೋಡೆ ಹಿಡಿದು ನಿಂತಿರುತ್ತಿತ್ತು.

ಸ್ಟುಡಿಯೋದವರದು ಯಾಶಿಕಾ. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುವುದರಿಂದ ಅವರು "ಸ್ವಲ್ಪ ಬಲಕ್ಕೆ ಬನ್ನಿ" ಎಂದು ಹೇಳಿ, ನಾವು ಬಂದ ಮೇಲೆ "ಅಲ್ಲಲ್ಲ, ಇನ್ನೊಂದು ಬಲಕ್ಕೆ" ಎನ್ನುತ್ತಿದ್ದರು. ಆಮೇಲೆ ಎಂಬತ್ತರ ದಶಕದಲ್ಲಿ ಹಾಟ್‌ಶಾಟ್ ಬಂತು, ತೊಂಬತ್ತರಲ್ಲಿ ಕೊಡಕ್ ಕೆಬಿ-10 ಬಂತು, 36ರ ರೀಲು ಬಂತು. ಅದರಲ್ಲಿ 37ನೆಯದನ್ನು ಹಿಂಡಿ ತೆಗೆದವನೇ ಊರಿನಲ್ಲಿ ಜಾಣ ಎನಿಸಿಕೊಂಡ. ಗಂಭೀರವಾಗಿ ಕಲಿಯುವವರು ರಷ್ಯಾದ ಜೆನಿಟ್ ಕನಸು ಕಾಣುತ್ತಿದ್ದರು. ಹೆಗಲಿಗೆ ಹಾಕಿಕೊಂಡರೆ ಹೆಗಲು ಇಳಿಯುವಷ್ಟು ಭಾರದ ಯಂತ್ರ ಅದು. ಬೀದಿನಾಯಿ ಅಟ್ಟಿಸಿಕೊಂಡು ಬಂದರೂ ಉಪಯೋಗಕ್ಕೆ ಬರುತ್ತಿತ್ತು.

ಈಗಿನ ಫೋನಿನ ವಿಷಯಕ್ಕೆ ಬರೋಣ. ಫೋನಿಲ್ವಾ ಎಂದು ಕೇಳುವವರದು ಪೂರ್ತಿ ತಪ್ಪಲ್ಲ. ಚಿತ್ರ ಬೇಕಾದವರಿಗೆ ಫೋನು ಸಾಕು. ಕಲಿಯಬೇಕಾದವರಿಗೆ ಅದರ ಸಜ್ಜನಿಕೆಯೇ ಅಡ್ಡಿ. ನೀವು ಒಂದು ಸಲ ಒತ್ತಿದರೆ ಅದು ಒಳಗೊಳಗೇ ಹಲವು ಚಿತ್ರ ತೆಗೆದು, ಒಂದರ ಆಕಾಶ, ಇನ್ನೊಂದರ ನೆರಳು, ಮತ್ತೊಂದರ ಮುಖ ಕೂಡಿಸಿ, "ತಗೊಳ್ಳಿ, ಚೆನ್ನಾಗಿ ತೆಗೆದಿದ್ದೀರಿ" ಎಂದು ಕೊಟ್ಟುಬಿಡುತ್ತದೆ. ತೆಗೆದವರಿಗೆ ತಾವು ಏನು ಮಾಡಿದೆವೆಂದು ಕಡೆಗೂ ಗೊತ್ತಾಗುವುದಿಲ್ಲ. ಕಲಿಯಲು ಬೇಕಾದ್ದು ನಾವು ಹೇಳಿದಷ್ಟನ್ನೇ ಮಾಡಿ, ನಾವು ತಪ್ಪು ಹೇಳಿದರೆ ತಪ್ಪನ್ನೇ ನಿಷ್ಠೆಯಿಂದ ಮಾಡಿ ತೋರಿಸುವ ಯಂತ್ರ. ಬೆಳಕಿನ ಕಂಡಿಯನ್ನು ಎಷ್ಟು ಅಗಲ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು, ಸೆನ್ಸರಿನ ಕಣ್ಣು ಎಷ್ಟು ಚುರುಕಾಗಿರಬೇಕು, ಈ ಮೂರನ್ನೂ ಕೈಯಾರೆ ತಿರುಗಿಸಲು ಬಂದರೆ ಪಾಠಕ್ಕೆ ಸಾಕು. ಹತ್ತು ವರ್ಷ ಹಿಂದಿನ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲೂ ಈ ಮೂರು ಇವೆ. ಡಿಎಸ್‌ಎಲ್‌ಆರ್ ಸತ್ತಿದೆ ಎನ್ನುವುದು ನಮಗೆ ಒಳ್ಳೆಯ ಸುದ್ದಿಯೇ; ಸತ್ತದ್ದರ ಬೆಲೆ ಇಳಿಯುತ್ತದೆ, ಚಿತ್ರ ಮಾತ್ರ ಜೀವಂತವಾಗಿಯೇ ಬರುತ್ತದೆ.

ಹುಡುಗಿ ಜಾಣೆ. ನಮ್ಮ ಬಾಯಿಪಾಠವನ್ನೆಲ್ಲ ಕೇಳಿಸಿಕೊಂಡು, ಬೆಂಗಳೂರಿಗೆ ಹೋಗಿ, ಆಧಾರ್ ತೋರಿಸಿ, ಡಿಪಾಸಿಟ್ ಕಟ್ಟಿ ಒಂದು ಶನಿವಾರ ಭಾನುವಾರಕ್ಕೆ ಕ್ಯಾಮೆರಾ ಬಾಡಿಗೆಗೆ ತಂದಳು. ಮಾಮೂಲಿ 18-55 ಲೆನ್ಸು, ಜೊತೆಗೆ ಎಲ್ಲರೂ ಹೊಗಳುವ 50 ಮಿಲಿಮೀಟರ್, ಎಫ್ 1.8. ಎಫ್‌ನ ಅಂಕಿ ಚಿಕ್ಕದಾದಷ್ಟೂ ಬೆಳಕಿನ ಕಂಡಿ ಅಗಲ. ಪರೀಕ್ಷೆಗೆ ಸೀದಾ ಅಪ್ಪನ ಮಗ್ಗದ ಶೆಡ್ಡಿಗೇ ನುಗ್ಗಿದಳು.

ಫೋಟೋಗ್ರಫಿ ಕಲಿಯಲು ಮಗ್ಗದ ಶೆಡ್ಡಿಗಿಂತ ಕಠಿಣವಾದ ಶಾಲೆ ಇಲ್ಲ. ಮೇಲೆ ಎರಡು ಗಾಜಿನ ಹೆಂಚು, ಕೆಳಗೆ ಎರಡು ಟ್ಯೂಬ್‌ಲೈಟು, ಮಿಕ್ಕದ್ದೆಲ್ಲ ಅರೆಗತ್ತಲು. ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ. ನೆಲವೇ ನಡುಗುತ್ತದೆ. 1.8ರ ಲೆನ್ಸು ಪೂರ್ತಿ ತೆರೆದರೆ, 18-55 ಅನ್ನು 55ಕ್ಕೆ ಎಳೆದಾಗ ಸಿಗುವ 5.6ಕ್ಕಿಂತ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಲೆಕ್ಕ ಸರಿ. ಆದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 50 ಎನ್ನುವುದು 75, 80ರ ಕೆಲಸ ಮಾಡುತ್ತದೆ, ಅಂದರೆ ದೂರದ್ದನ್ನು ಹತ್ತಿರ ಎಳೆಯುತ್ತದೆ. ಒಂದು ಮಗ್ಗ ಪೂರ್ತಿ ಚೌಕಟ್ಟಿಗೆ ಬರಬೇಕಾದರೆ ಹಿಂದೆ ಹಿಂದೆ ಸರಿಯಬೇಕು. ಹುಡುಗಿ ಸರಿದಳು. ಬೆನ್ನಿಗೆ ಗೋಡೆ ಸಿಕ್ಕಿತು, ಮಗ್ಗ ಸಿಕ್ಕಲಿಲ್ಲ. "ಗೋಡೆ ಒಡಿಸ್ಲಾ?" ಎಂದು ತಮ್ಮ ಕೇಳಿದ.

ಬೇರೆ ತಂತ್ರ ಮಾಡಿದಳು. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಷಟರ್ ಇಟ್ಟು ಹಾರುವ ಲಾಳಿಯನ್ನು ಹಿಡಿದಳು. ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ. ನಮ್ಮ ಕರೆಂಟು 50 ಹರ್ಟ್ಸಿನದು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅವಸರದ ಕ್ಯಾಮೆರಾಕ್ಕೆ ಕಾಣುತ್ತದೆ. ಹೇಗೋ ಒಂದು ಚೆನ್ನಾಗಿ ಬಂತು. ಲಾಳಿ ಗಾಳಿಯಲ್ಲಿ ನಿಂತಿತ್ತು, ಎಳೆ ಎಳೆಯೂ ಎಣಿಸುವಂತಿತ್ತು. ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿ, "ಮಗ್ಗ ಕೆಟ್ಟು ನಿಂತಿರೋ ಫೋಟೋ ಯಾಕೆ ತೆಗ್ದೆ?" ಎಂದ.

ಆಮೇಲೆ ಅಗ್ಗದ 18-55 ಹಾಕಿ (ಶೆಡ್ಡಿನ ಹೊರಗೆ ಬಂದು ಹಾಕಿದಳು, ಒಳಗೆ ನೂಲಿನ ಧೂಳು ಸೆನ್ಸರಿನ ಮೇಲೆ ಕೂರುತ್ತದೆ), ಕಂಡಿಕೆ ಡಬ್ಬಿಯ ಮೇಲೆ ಕ್ಯಾಮೆರಾ ಒತ್ತಿ ಹಿಡಿದು, ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ತೆರೆದು ಇನ್ನೊಂದು ತೆಗೆದಳು. ಲಾಳಿ ಬರೀ ಒಂದು ಬೆಳಕಿನ ಗೆರೆಯಾಗಿತ್ತು. ಎಳೆ ಕಟ್ಟುತ್ತಿದ್ದ ಅಪ್ಪನ ಬೆರಳುಗಳು ಮಾತ್ರ ಸ್ಪಷ್ಟ. ತಮ್ಮ ಬಹಳ ಹೊತ್ತು ನೋಡಿದ. "ಹಾಂ, ಇದು ಓಡ್ತೈತೆ" ಎಂದ. ಮಗ್ಗದ ಮಾಲೀಕನಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಭಾನುವಾರ ಬೆಳಗ್ಗೆ ಹೊಸಕೋಟೆ ಕೆರೆಗೆ ಹೋಗಿದ್ದಳು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ಓದಿದ ಮೇಲೆ ಒಂದು ಕ್ಯಾಮೆರಾ, ಅದಕ್ಕೊಂದು ಮಾರುದ್ದದ ಲೆನ್ಸು ಬೇಕೆನಿಸದ ಕನ್ನಡದ ಹುಡುಗ ಹುಡುಗಿಯರು ಕಡಿಮೆ. ಏರಿಯ ಮೇಲೆ ಬೆಂಗಳೂರಿನಿಂದ ಬಂದವರ ಸಾಲು. ಒಬ್ಬೊಬ್ಬರ ಲೆನ್ಸಿನ ಬೆಲೆಗೆ ಕೆರೆಯ ಪಕ್ಕ ಹಿಂದೆ ಒಂದು ತುಂಡು ಜಮೀನು ಬರುತ್ತಿತ್ತು. ಇವಳ 18-55ರಲ್ಲಿ ಹೆಜ್ಜಾರ್ಲೆ ಒಂದು ಬಿಳಿ ಚುಕ್ಕೆಯಾಗಿ ಬಂತು. ಹಕ್ಕಿಯ ಆಸೆ ಬಿಟ್ಟು, ಸೊಂಟ ಬಗ್ಗಿಸಿ ನಿಂತ ಆ ಸಾಲನ್ನೂ, ಅವರ ಹಿಂದೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನನ್ನೂ, ಅಷ್ಟಗಲ ನೀರನ್ನೂ ಸೇರಿಸಿ ಒಂದು ಚಿತ್ರ ತೆಗೆದು ಬಂದಳು. ಎಮ್ಮೆಯೊಂದೇ ಕ್ಯಾಮೆರಾ ನೋಡುತ್ತಿತ್ತು.

ಅಂದು ರಾತ್ರಿ ಎರಡು ಲೆನ್ಸುಗಳ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆವು. ಎಫ್ 1.8ರಲ್ಲಿ ತೆಗೆದ ಅವಳಮ್ಮನ ಚಿತ್ರ ನಿಜಕ್ಕೂ ಸಿನಿಮಾದ್ದೇ. ಮುಖ ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆ. ಇದಕ್ಕೆ ಬೋಕೆ ಎನ್ನುತ್ತಾರೆಂದು ಹುಡುಗಿ ಹೇಳಿದಳು. ಅಡುಗೆಮನೆ ಕರಗಿಹೋಗಿ ನನ್ನ ನಾದಿನಿ ಯಾವುದೋ ಐದು ನಕ್ಷತ್ರದ ಹೋಟೆಲಿನಲ್ಲಿ ಕುಳಿತಿದ್ದಳು. ಎಲ್ಲರೂ ಮೆಚ್ಚಿದರು. "ಈ ಲೆನ್ಸು ಬೇಕೇ ಬೇಕು" ಎಂದಾಯಿತು. 25,000ದ ಗೆರೆ ದಾಟಲು ನಾನೇ ಸ್ವಲ್ಪ ಕೈಸೇರಿಸುವ ಯೋಚನೆಯಲ್ಲಿದ್ದೆ.

ಆಗ ಅಮ್ಮ ತನ್ನ ಟ್ರಂಕಿನಿಂದ ಹಳೆಯ ಆಲ್ಬಮ್ ತೆಗೆದಳು, ತಾನೂ ಈ ಚರ್ಚೆಗೆ ಸೇರಿದವಳೇ ಎಂದು ತೋರಿಸಲು. ಕಪ್ಪು ಹಾಳೆ, ಮೂಲೆಗೆ ಅಂಟಿಸಿದ ತ್ರಿಕೋನಗಳು, ನಡುವೆ ಬೆಣ್ಣೆಕಾಗದ. ಅದರಲ್ಲಿ ಮೇಷ್ಟ್ರ ಕ್ಲಿಕ್ ಥ್ರೀಯಲ್ಲಿ ತೆಗೆದ ಒಂದು ಚೌಕದ ಚಿತ್ರ. ಸಂಕ್ರಾಂತಿಗೆ ಮೇಷ್ಟ್ರ ಜೊತೆ ಚಿಕ್ಕಪ್ಪನ ಹಳ್ಳಿಗೆ ಹೋಗಿದ್ದಾಗಿನದು. ಹೊಸ ಅಂಗಿಯ ನಾವು ಐದು ಹುಡುಗರು ಸಾಲಾಗಿ ನಿಂತಿದ್ದೇವೆ. ಸೂರ್ಯ ಫೋಟೋ ತೆಗೆಯುವವನ ಬೆನ್ನಿಗಿರಬೇಕು ಎನ್ನುವುದು ಆಗಿನ ಶಾಸ್ತ್ರ. ಹಾಗಾಗಿ ಐದೂ ಜನ ಕಣ್ಣು ಕಿವುಚಿಕೊಂಡಿದ್ದೇವೆ. ಕಲೆಯ ದೃಷ್ಟಿಯಿಂದ ಇಂಥ ಕೆಟ್ಟ ಚಿತ್ರ ಇನ್ನೊಂದಿಲ್ಲ.

ಆದರೆ ಆಲ್ಬಮ್ಮಿನ ಸುತ್ತ ತಲೆಗಳು ಕೂಡಿದಾಗ ಯಾರ ಬೆರಳೂ ನಮ್ಮ ಮುಖದ ಮೇಲೆ ಹೋಗಲಿಲ್ಲ. "ಇದು ಕಪಿಲೆ ಬಾವಿ ಅಲ್ವಾ?" "ಆ ಹುಣಸೆಮರ ನೋಡು." "ಕಣ ಇಷ್ಟು ದೊಡ್ಡದಿತ್ತಾ?" "ಬಣವೆ ಪಕ್ಕ ನಿಂತಿರೋಳು ನಮ್ಮ ದೊಡ್ಡತ್ತೆ ಕಣೆ, ಅವಳದ್ದು ಇದೊಂದೇ ಫೋಟೋ ಇರೋದು!" ಫೋಟೋ ತೆಗೆಯುತ್ತಿದ್ದಾರೆಂದು ದೊಡ್ಡತ್ತೆಗೆ ಗೊತ್ತೇ ಇರಲಿಲ್ಲ. ತೆಗೆದರೆ ಆಯುಸ್ಸು ಕಮ್ಮಿಯಾಗುತ್ತದೆಂದು ಜೀವಮಾನವಿಡೀ ತಪ್ಪಿಸಿಕೊಂಡವಳು, ನಮ್ಮ ತಲೆಗಳ ನಡುವಿನ ಸಂದಿಯಲ್ಲಿ ರಾಗಿ ತೂರುತ್ತಾ ಸಿಕ್ಕಿಬಿದ್ದಿದ್ದಾಳೆ.

ಮೇಷ್ಟ್ರಿಗೆ ಇದರಲ್ಲಿ ಏನೂ ಪಾಲಿಲ್ಲ. ಅವರು ತೆಗೆದದ್ದು ನಮ್ಮನ್ನು. ಕೆಲಸ ಮಾಡಿದ್ದು ಡಬ್ಬಿಯ ಬಡತನ. ಆ ಕ್ಯಾಮೆರಾದ ಕಂಡಿ ಕಿರಿದು, ಫೋಕಸ್ ಮಾಡುವ ಯೋಗ್ಯತೆಯೇ ಅದಕ್ಕಿಲ್ಲ. ಕಂಡಿ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಕೆಲವು ಗಜದಾಚೆಗೆ ದಿಗಂತದವರೆಗೂ ಅದಕ್ಕೆ ಎಲ್ಲವೂ ಒಂದೇ. ಯಾರು ಮುಖ್ಯ, ಯಾರು ಅಮುಖ್ಯ ಎಂದು ಆರಿಸುವ ಶಕ್ತಿ ಇಲ್ಲದ್ದರಿಂದ ಅದು ಬಾವಿಯನ್ನೂ ಬಣವೆಯನ್ನೂ ದೊಡ್ಡತ್ತೆಯನ್ನೂ ನಮ್ಮ ಜೊತೆಗೇ ಉಳಿಸಿಬಿಟ್ಟಿತು. ಈಗ ನಾವು ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟು ಕೊಳ್ಳಲು ಹೊರಟಿರುವುದು ಹಿಂದಿರುವುದನ್ನೆಲ್ಲ ಅಳಿಸುವ ಗಾಜನ್ನು. ಫೋನುಗಳಂತೂ ಪೋರ್ಟ್ರೇಟ್ ಎಂಬ ಗುಂಡಿ ಒತ್ತಿದರೆ ಲೆಕ್ಕ ಹಾಕಿಯೇ ಊರನ್ನು ಮಸುಕು ಮಾಡುತ್ತವೆ.

ಮೈಸೂರಿನ ಟಿ.ಎಸ್. ಸತ್ಯನ್ ನೆನಪಾದರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ ಪತ್ರಿಕಾ ಛಾಯಾಗ್ರಾಹಕರಾದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಅವರ ಚಿತ್ರಗಳಲ್ಲಿ ಮನುಷ್ಯರು ತಮ್ಮ ಬೀದಿ, ಅಂಗಳ, ಕೆಲಸದ ಸಮೇತ ಸಿಗುತ್ತಾರೆ. ಅವರದು ಮೇಷ್ಟ್ರ ಡಬ್ಬಿಯಂಥ ಅಗ್ಗದ ಕ್ಯಾಮೆರಾ ಅಲ್ಲ, ನಿಜ. ಆದರೆ ಹಿಂದಿರುವುದನ್ನು ಕಳೆಯಬಾರದೆಂದು ಅವರಿಗೆ ಗೊತ್ತಿತ್ತು. ಡಬ್ಬಿಗೆ ಕಳೆಯಲು ಬರುತ್ತಿರಲಿಲ್ಲ.

ಹುಡುಗಿ ಆಲ್ಬಮ್ ಮುಚ್ಚಿ, "ದೊಡ್ಡಪ್ಪ, 18-55 ಸಾಕು. ಎಫ್ 8ಕ್ಕೆ ಇಟ್ರೆ ಎಲ್ಲಾ ಬರುತ್ತೆ" ಎಂದಳು. ನನ್ನ ದುಡ್ಡೂ ಉಳಿಯಿತು. ಅದೂ ಸಂತೋಷದ ವಿಷಯವೇ.

ಹೊಸದು 25,000ಕ್ಕೆ ಬರುವಂತಿರಲಿಲ್ಲ. ಅಗ್ಗದ ಹೊಸ ಮಾದರಿಗಳಲ್ಲೂ ಒಂದೊಂದು ಕಡೆ ಕತ್ತರಿ ಆಡಿಸಿರುತ್ತಾರೆ. ಕ್ಯಾನನ್ 3000ಡಿಯಲ್ಲಿ ಲೆನ್ಸು ಕೂರುವ ಬಳೆ ಪ್ಲಾಸ್ಟಿಕ್ಕಿನದು. ನಿಕಾನ್ ಜೆಡ್ 30ಯಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ, ನಮ್ಮೂರ ಬಿಸಿಲಲ್ಲಿ ಹಿಂದಿನ ಪರದೆ ನೋಡಿ ತೆಗೆಯುವುದೆಂದರೆ ಕಣ್ಣಿಗೆ ಕಷ್ಟ. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಂದು ತೀರ್ಮಾನವಾಯಿತು. ಕ್ಯಾನನ್ 1300ಡಿ, 1500ಡಿ, ಇಲ್ಲವೇ ನಿಕಾನ್ ಡಿ3400, ಡಿ3500. ಇವುಗಳಲ್ಲಿ ಯಾವುದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಅದು. ಒಂದು ಎಚ್ಚರ: ಈ ನಿಕಾನ್‌ಗಳ ಒಳಗೆ ಫೋಕಸ್ ಮೋಟಾರ್ ಇಲ್ಲ, ಹಳೆಯ ಅಗ್ಗದ ಲೆನ್ಸು ಸಿಕ್ಕಿತೆಂದು ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು.

ಸೆಕೆಂಡ್ ಹ್ಯಾಂಡ್ ಎಂದ ಮೇಲೆ ಚಿಕ್ಕಪ್ಪನನ್ನು ಬಿಟ್ಟು ಹೋಗುವಂತಿಲ್ಲ. ದೇವನಹಳ್ಳಿ ಕಡೆಯ ಹಳ್ಳಿಯಲ್ಲಿ ಈಗಲೂ ಹೊಲ ಇಟ್ಟುಕೊಂಡಿರುವ ಚಿಕ್ಕಪ್ಪ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಡಿಸುವುದರಲ್ಲಿ ಹೆಸರಾದವರು. ಪುಷ್ಯದ ತೇರಿಗೆ ಮುಂಚೆ ಸೇರುವ ಆ ಜಾತ್ರೆಯಲ್ಲಿ ಅವರು ಕೈಯಿಟ್ಟ ಜೋಡಿ ಸೋತದ್ದೇ ಇಲ್ಲವಂತೆ. 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ತಳಿಯ ಚಿತ್ರ ಹಾಕಿ ಅಂಚೆಚೀಟಿ ತಂದಾಗಿನಿಂದ "ನಮ್ಮೆತ್ತಿಗೆ ಸ್ಟಾಂಪೇ ಐತೆ" ಎಂದು ಅವರ ಮಾತಿಗೆ ಇನ್ನಷ್ಟು ತೂಕ.

"ಕ್ಯಾಮೆರಾ ಏನ್ ಮಹಾ. ಮೊದ್ಲು ಹಲ್ಲು ನೋಡ್ಬೇಕು" ಎಂದರು.

ಕ್ಯಾಮೆರಾಕ್ಕೂ ಹಲ್ಲು ಉಂಟು. ಅದಕ್ಕೆ ಷಟರ್ ಕೌಂಟ್ ಎನ್ನುತ್ತಾರೆ, ಇದುವರೆಗೆ ಎಷ್ಟು ಸಲ ಕ್ಲಿಕ್ಕಿಸಿದೆ ಎಂಬ ಲೆಕ್ಕ. ಇಂಥ ಆರಂಭದ ಕ್ಯಾಮೆರಾಗಳಿಗೆ ಒಂದು ಲಕ್ಷದ ಆಸುಪಾಸು ಆಯುಸ್ಸು. ಮದುವೆಗೆ ದುಡಿದದ್ದಾದರೆ, ಒಂದು ಮದುವೆಗೆ 2,500 ಎಂದರೂ 40 ಮದುವೆಗೆ ಅದು ಬಾಯಿಗೂಡಿದ ಎತ್ತು. ನಿಕಾನ್ ತಾನು ತೆಗೆದ ಚಿತ್ರದ ಹೊಟ್ಟೆಯಲ್ಲೇ ಈ ಲೆಕ್ಕ ಬರೆದಿಡುತ್ತದೆ. ಕ್ಯಾನನ್‌ನ ಅಗ್ಗದ ಮಾದರಿಗಳು ಹಾಗೆ ಬಾಯಿ ಬಿಡುವುದಿಲ್ಲ. ಹುಡುಗಿ ಇಷ್ಟನ್ನು ಹೇಳಿದ ಕೂಡಲೇ ಚಿಕ್ಕಪ್ಪನಿಗೆ ವಿಷಯ ಕೈವಶವಾಯಿತು. "ಹಂಗಾದ್ರೆ ಬಾಯಿ ಬಿಡೋ ಜಾತೀದೇ ನೋಡಣ" ಎಂದರು. ನಿಕಾನ್ ಎಂದು ನಿಶ್ಚಯವಾದದ್ದು ಹೀಗೆ.

ಮಾರುವವನು ವಿಮಾನ ನಿಲ್ದಾಣದ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿದ್ದ ಐಟಿ ಹುಡುಗ. ಹನ್ನೊಂದನೆಯ ಮಹಡಿ. ಚಿಕ್ಕಪ್ಪ ಸೋಫಾದ ಅಂಚಿನಲ್ಲಿ ಕೂತು, ಕ್ಯಾಮೆರಾ ಮುಟ್ಟದೆ ಮೊದಲು ಹುಡುಗನ ಮುಖವನ್ನೇ ನೋಡಿ, ಜಾತ್ರೆಯ ಮೂಲಪ್ರಶ್ನೆ ಕೇಳಿದರು: "ಯಾಕಪ್ಪ ಮಾರ್ತಿದ್ದೀಯ?"

ಹುಡುಗ ತಡವರಿಸಿದ. ಮದುವೆಯಾದ ಹೊಸದರಲ್ಲಿ ತಗೊಂಡೆ, ಗೋವಾಕ್ಕೆ ಒಯ್ದೆ, ಕೊಡಗಿಗೆ ಒಯ್ದೆ, ಮಗು ಹುಟ್ಟಿದಾಗ ಒಂದು ವಾರ ತೆಗೆದೆ, ಆಮೇಲೆ ಬೀರುವಿನಲ್ಲೇ ಇದೆ ಎಂದ. ಕೌಂಟ್ ನೋಡಿದರೆ ನಾಲ್ಕು ಸಾವಿರವೂ ದಾಟಿರಲಿಲ್ಲ. ಚಿಕ್ಕಪ್ಪ ನನ್ನ ಕಿವಿಯಲ್ಲಿ, "ನೊಗಾನೇ ಕಂಡಿಲ್ಲ" ಎಂದರು.

ಮಿಕ್ಕ ಪರೀಕ್ಷೆ ಹುಡುಗಿಯದು. ಲೆನ್ಸು ಬಿಚ್ಚಿ ಟಾರ್ಚ್ ಹಿಡಿದು ನೋಡಿದಳು, ಬೀರುವಿನಲ್ಲಿಟ್ಟ ಗಾಜಿಗೆ ಬೂಸ್ಟು ಹಿಡಿದರೆ ಒಳಗೆ ಬಿಳಿ ನವಿರು ಕಾಣುತ್ತದೆ. ಕಿಟಕಿಯಿಂದ ಬರೀ ಆಕಾಶದ ಚಿತ್ರವನ್ನು ಎಫ್ 22ರಲ್ಲಿ ತೆಗೆದು ಕಲೆ ಇದೆಯೇ ನೋಡಿದಳು, ಸೆನ್ಸರಿನ ಮೇಲಿನ ಧೂಳು ಹಾಗೆ ಸಿಕ್ಕಿಬೀಳುತ್ತದೆ. ಬ್ಯಾಟರಿ ಉಬ್ಬಿದೆಯೇ, ಹಿಡಿಯ ರಬ್ಬರ್ ಬಿಟ್ಟಿದೆಯೇ ತಡವಿದಳು. ಬಿಲ್ಲಿನ ನಂಬರೂ ಕ್ಯಾಮೆರಾ ತಳದ ನಂಬರೂ ತಾಳೆ ನೋಡಿದಳು. ಬಿಲ್ಲಿಲ್ಲದ ಕ್ಯಾಮೆರಾ ಎಷ್ಟೇ ಅಗ್ಗವಾದರೂ ಯಾರದೋ ಮನೆಯ ಅಳು.

ಬೆಲೆ ಮಾತಾಡುವ ಹೊತ್ತು ಬಂತು. ಚಿಕ್ಕಪ್ಪ ಹೆಗಲ ಟವಲ್ ತೆಗೆದು, ಹುಡುಗನ ಕೈ ಹಿಡಿದು, ಮೇಲೆ ಟವಲ್ ಹೊದಿಸಿದರು. ಜಾತ್ರೆಯಲ್ಲಿ ವ್ಯಾಪಾರ ಹೀಗೆ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು, ಬೆರಳೇ ಅಂಕಿ. ಹುಡುಗ, ಇದು ಕೈಕುಲುಕುವುದೋ, ಕಣಿ ಹೇಳುವುದೋ ತಿಳಿಯದೆ ನಗುತ್ತಾ ನಿಂತ. ಚಿಕ್ಕಪ್ಪ ಎರಡು ಬೆರಳು ಅದುಮಿದರು. ಅವನು ಸೌಜನ್ಯಕ್ಕೆ ತಾನೂ ಅದುಮಿದ. "ಆಯ್ತು, ಇಪ್ಪತ್ತಕ್ಕೆ ಒಪ್ಕೊಂಡ" ಎಂದು ಚಿಕ್ಕಪ್ಪ ಟವಲ್ ತೆಗೆದರು. ಹುಡುಗ ಕೇಳಬೇಕೆಂದಿದ್ದದ್ದು ಇಪ್ಪತ್ತಮೂರು. ಅಷ್ಟು ಹೊತ್ತಿಗೆ ಹುಡುಗಿ ಫೋನ್‌ಪೇ ಮಾಡಿ ಆಗಿತ್ತು.

ಉಳಿದ ಐದು ಸಾವಿರಕ್ಕೆ ಒಂದು ಬ್ಯಾಗು, ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ. ಮಿಕ್ಕದ್ದು ಬಸ್ ಚಾರ್ಜಿಗೆ. ಕಲಿಯುವವರ ಬಜೆಟ್ಟಿನಲ್ಲಿ ಬಸ್ ಚಾರ್ಜನ್ನು ಯಾರೂ ಸೇರಿಸುವುದಿಲ್ಲ. ನನ್ನ ಪ್ರಕಾರ ಲೆನ್ಸಿಗಿಂತ ಮೊದಲು ಸೇರಿಸಬೇಕಾದ್ದು ಅದು.

ಬರುವ ದಾರಿಯಲ್ಲಿ ಚಿಕ್ಕಪ್ಪ ಕಾರಿನ ಕಿಟಕಿಯಿಂದ ಹೊರಗೆ ತೋರಿಸುತ್ತಾ ಬಂದರು. ಇಲ್ಲಿ ನಮ್ಮ ಭಾವನ ದ್ರಾಕ್ಷಿ ತೋಟ ಇತ್ತು. ಇಲ್ಲಿ ಚಕ್ಕೋತದ ಗಿಡಗಳಿದ್ದವು. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತದ ಹಣ್ಣು ಈಗ ಹುಡುಕಿದರೆ ಸಿಗುವಂಥದು. ಸುಮಾರು 4,000 ಎಕರೆಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆದ ಮೇಲೆ ಈ ಕಡೆಯ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ರೈತರ ಹೋರಾಟದ ನಂತರ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಅದೇ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ, 1986ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಇಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಹೇಳುವ ಕಣಿಯವರು ಯಾರೂ ಇಲ್ಲ.

ನನಗೆ ಹೊಳೆದ ಲೆಕ್ಕ ಇಷ್ಟೇ. ನಾನು ಕಂಡಷ್ಟು ಕಾಲ ಕ್ಯಾಮೆರಾ ಅಗ್ಗವಾಗುತ್ತಾ ಬಂತು, ಅದರ ಎದುರಿಗಿದ್ದದ್ದು ತುಟ್ಟಿಯಾಗುತ್ತಾ ಹೋಯಿತು. ಒಳ್ಳೆಯ ಕ್ಯಾಮೆರಾ ಮುಂದಿನ ವರ್ಷವೂ ಬರುತ್ತದೆ, ಅದಕ್ಕಿಂತ ಒಳ್ಳೆಯದು ಅದರ ಮುಂದಿನ ವರ್ಷ. ಕಣ ಬರುವುದಿಲ್ಲ. ಆದ್ದರಿಂದ ಯಾವ ಕ್ಯಾಮೆರಾ ಎಂದು ಕೇಳುವವರಿಗೆ ನಾನು ಈಗ ಮಾದರಿಯ ಹೆಸರು ಹೇಳುವುದಿಲ್ಲ. ಇವತ್ತು ಕೈಗೆ ಎಟುಕುವುದನ್ನು ಇವತ್ತೇ ತಗೊಳ್ಳಿ, ಎಫ್ 8ಕ್ಕೆ ಇಡಿ, ಹೊರಗೆ ಹೋಗಿ ಎನ್ನುತ್ತೇನೆ.

ಮನೆಗೆ ಬಂದ ಹುಡುಗಿ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದಳು. ಯಾವುದು ಮೊದಲು ಹೋಗುತ್ತದೋ ಅದನ್ನು ಮೊದಲು ತೆಗೆಯುವುದೆಂದು ಕ್ರಮ. ಮಾಕಳಿದುರ್ಗದ ತಿರುವಿನಲ್ಲಿ ರೈಲು. ಹಳೆಯ ಮಗ್ಗ. ಗ್ರಾಮಾಂತರ ಎಂದಿರುವ ಹಸಿರು ಬೋರ್ಡು. "ಮಗ್ಗ ಮೊದ್ಲು ಹಾಕು" ಎಂದ ತಮ್ಮ. "ನನ್ನ ಹೊಲ ಕೊನೇಗೆ ಹಾಕವ್ವ, ಅದು ಎಲ್ಲೂ ಹೋಗಲ್ಲ" ಎಂದರು ಚಿಕ್ಕಪ್ಪ.

ಗೋಡೆಗೊರಗಿ ಕೂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು, "ಯಾವುದು ಮೊದ್ಲು ಹೋಗ್ತದೋ ಅದು ಅಂತ ತಾನೇ? ಹಂಗಾದ್ರೆ ನನ್ನ ಸೀರೆ ತಗೊಂಡ್ ಬನ್ನಿ" ಎಂದಳು.

ಯಾರಿಗೂ ಮಾತು ಹೊರಡಲಿಲ್ಲ. ಅವಳಿಗೆ ಅದರ ಪರಿವೆ ಇರಲಿಲ್ಲ. ಮನೆಯ ಮಗ್ಗದಲ್ಲೇ ನೇಯ್ದ ಜರಿ ಸೀರೆ ಉಟ್ಟು, ಅಡುಗೆಮನೆ ಬಾಗಿಲಲ್ಲಿ ಬೆಳಕು ಚೆನ್ನಾಗಿದೆ ಎಂದು ಮೊಮ್ಮಗಳು ತೋರಿಸಿದ ಕಡೆ ಕೂತು, ಸೆರಗು ಸರಿಮಾಡಿಕೊಂಡು, ಹಿಂದೆ ತಿರುಗಿ ನೋಡಿ ಸೊಸೆಗೆ ಹೇಳಿದಳು: "ಆ ಗ್ಯಾಸ್ ಸಿಲಿಂಡರ್ ತೆಗಿಯೇ ಆ ಕಡೆಗೆ. ಆ ಹಾಲಿನ ಕವರ್ರೂ."

"ಇರ್ಲಿ ಬಿಡು ಅಜ್ಜಿ. ಇನ್ನು ಮೂವತ್ತು ವರ್ಷಕ್ಕೆ ಎಲ್ರೂ ನೋಡೋದು ಅದನ್ನೇ."

"ಹಂಗಾದ್ರೆ ನಾನ್ಯಾಕೆ ಕೂತ್ಕೋಬೇಕು?" ಎಂದು ಅಮ್ಮ ನಿಜವಾಗಿಯೂ ಸಿಟ್ಟಾದಳು. ಹುಡುಗಿ ಆ ಸಿಟ್ಟನ್ನೂ ಸೇರಿಸಿ ಕ್ಲಿಕ್ಕಿಸಿದಳು.